ಓದುಗರ ಪ್ರಶ್ನೆ: ಸಿಂಫನಿ ಕಂಡಕ್ಟರ್ ಆಗಬೇಕೆಂದರೆ

ಸಿಂಫನಿ ಆರ್ಕೆಸ್ಟ್ರಾದ ಕಂಡಕ್ಟರ್ ಕೆಲಸ ಎಂದರೇನು, ಅದನ್ನೇ ಕಸುಬಾಗಿ ಹಿಡಿಯುವುದು ಹೇಗೆ ಎಂದು ಕೇಳಿ ಬಂದ ಪತ್ರಗಳಲ್ಲಿ ಕೆಲವಕ್ಕೆ ಈ ಸಲದ ಉತ್ತರ. ಒಂದೇ ಸಂಗತಿಯನ್ನು ಕೇಳಿದ ಪತ್ರಗಳನ್ನು ಸೇರಿಸಿ ಒಂದು ಮಾಡಿದ್ದೇವೆ.

ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ ಮುಂದೆ ನಿಂತು ಯಾರೂ ಕೈ ಬೀಸುವುದಿಲ್ಲ, ಆದರೂ ಹಾಡು ಸರಿಯಾಗಿಯೇ ಬರುತ್ತದೆ. ಸಿಂಫನಿಯವರಿಗೆ ಮಾತ್ರ ಕಂಡಕ್ಟರ್ ಏಕೆ? ಎಲ್ಲರ ಎದುರಿಗೂ ಬರೆದ ಸ್ವರ ಇದ್ದೇ ಇರುತ್ತದಲ್ಲ? (ಶಿವಮೊಗ್ಗ)

ಪೆಂಡಾಲಿನಲ್ಲಿ ರಿದಂ ಪ್ಯಾಡ್ ಬಾರಿಸುವವರೇ ಕಾಲಪ್ರಮಾಣ ಹಿಡಿದಿರುತ್ತಾರೆ. ಆ ಸದ್ದು ಮಾನಿಟರ್ ಸ್ಪೀಕರಿನಿಂದ ಪ್ರತಿಯೊಬ್ಬರ ಕಾಲ ಬುಡದಲ್ಲೇ ಕೇಳುತ್ತಿರುತ್ತದೆ. ಸಿಂಫನಿಯಲ್ಲಿ ಮೈಕೂ ಇಲ್ಲ, ಉದ್ದಕ್ಕೂ ನಡೆಯುವ ಡ್ರಮ್ಮೂ ಇಲ್ಲ. ಎಂಬತ್ತು ಜನ ಕೂತ ವೇದಿಕೆಯಲ್ಲಿ ಮುಂದಿನ ವಯಲಿನ್‌ಗೂ ಹಿಂದಿನ ಟಿಂಪನಿ ಎಂಬ ದೊಡ್ಡ ನಗಾರಿಗೂ 14 ಮೀಟರ್ ಅಂತರವಿದ್ದರೆ ಸದ್ದು ಅಷ್ಟು ದೂರ ಹೋಗಲು ಸುಮಾರು 0.04 ಸೆಕೆಂಡ್ ಹಿಡಿಯುತ್ತದೆ. ಟಿಂಪನಿಯವರು ವಯಲಿನ್ ಕೇಳಿಸಿಕೊಂಡು ಬಾರಿಸಿದರೆ ಆ ಹೊಡೆತ ಮುಂದಕ್ಕೆ ಬರುವಷ್ಟರಲ್ಲಿ ತಡ ಇಮ್ಮಡಿಯಾಗುತ್ತದೆ, ಮುಂದಿನ ಸಾಲಿನ ಕೇಳುಗರಿಗೂ ಅದು ಗೊತ್ತಾಗುತ್ತದೆ. ಹಾಗಾಗಿ ಹಿಂದೆ ಕೂತವರು ಕಿವಿಗಿಂತ ಹೆಚ್ಚಾಗಿ ಕಣ್ಣನ್ನು ನಂಬಬೇಕು.

ಇನ್ನು ಎದುರಿಗಿರುವ ಹಾಳೆ. ಒಬ್ಬೊಬ್ಬರ ಹಾಳೆಯಲ್ಲೂ ಇರುವುದು ಅವರವರದೊಂದೇ ಸಾಲು. ಟ್ರಂಪೆಟ್‌ನವರಿಗೆ ‘60 ಬಾರ್ ಮೌನ’ ಎಂದಷ್ಟೇ ಬರೆದಿರಬಹುದು (ಬಾರ್ ಎಂದರೆ ಕೆಲವು ಬೀಟುಗಳ ಒಂದು ಸುತ್ತು, ನಮ್ಮ ಆವರ್ತದ ಹಾಗೆ). ಎಲ್ಲರ ಸಾಲೂ ಒಂದರ ಕೆಳಗೊಂದು ಇರುವುದು ಕಂಡಕ್ಟರ್ ಎದುರಿನ ಸ್ಕೋರಿನಲ್ಲಿ ಮಾತ್ರ.

ಕಂಡಕ್ಟರ್ ಇಲ್ಲದೆ ನಡೆಸಿದವರೂ ಉಂಟು. ಮಾಸ್ಕೋದ ಪೆರ್ಸಿಮ್‌ಫಾನ್ಸ್ ಎಂಬ ಪೂರ್ಣ ವಾದ್ಯವೃಂದ 1922ರಿಂದ 1932ರವರೆಗೆ ಹಾಗೆಯೇ ನುಡಿಸಿತು. ನ್ಯೂಯಾರ್ಕಿನ ಆರ್ಫಿಯಸ್ ಚೇಂಬರ್ ಆರ್ಕೆಸ್ಟ್ರಾ 1972ರಿಂದ ನಡೆದುಕೊಂಡು ಬಂದಿದೆ. ಆದರೆ ಆಗ ಪ್ರತಿ ತೀರ್ಮಾನವನ್ನೂ ವಾದ್ಯಗಾರರೇ ಚರ್ಚಿಸಿ ಮಾಡಬೇಕು, ರಿಹರ್ಸಲ್ ಬಹಳ ಉದ್ದವಾಗುತ್ತದೆ. ಮೂವತ್ತು ಜನಕ್ಕೆ ಅದು ಸಾಧ್ಯ, ಎಂಬತ್ತಕ್ಕೆ ತೀರಾ ದುಬಾರಿ.

ಮಗಳು ಎಸ್ಸೆಸ್ಸೆಲ್ಸಿ. ಕೀಬೋರ್ಡಿನಲ್ಲಿ ಗ್ರೇಡ್ 5 ಮುಗಿಸಿದ್ದಾಳೆ, ಕಂಡಕ್ಟರ್ ಆಗುತ್ತೇನೆ ಎನ್ನುತ್ತಾಳೆ. ಈಗಿನಿಂದ ಏನು ಮಾಡಿಸಬೇಕು? (ಬೆಂಗಳೂರು)

ಸದ್ಯಕ್ಕೆ ಬೇಟನ್ (ಕಂಡಕ್ಟರ್ ಹಿಡಿಯುವ ಕಡ್ಡಿ) ಕೊಡಿಸಬೇಡಿ. ಮೊದಲು ಆಗಬೇಕಾದದ್ದು ಪಿಯಾನೊ. 61 ಮನೆಯ ಹಗುರ ಕೀಬೋರ್ಡಿನಲ್ಲಿ ಕಲಿತ ಬೆರಳು ಪ್ರವೇಶ ಪರೀಕ್ಷೆಯ ಪಿಯಾನೊ ಮುಂದೆ ಸೋಲುತ್ತದೆ. 88 ಮನೆಯ, ತೂಕದ ಕೀಗಳಿರುವ ಡಿಜಿಟಲ್ ಪಿಯಾನೊ ಆದರೂ ಬೇಕು. ಬ್ರಿಟನ್ನಿನ ಸಂಗೀತ ಪರೀಕ್ಷಾ ಮಂಡಳಿ ಎಬಿಆರ್‌ಎಸ್‌ಎಂ ದಾರಿ ಹಿಡಿದರೆ ಗ್ರೇಡ್ 5 ಥಿಯರಿ ಅಥವಾ ಅದಕ್ಕೆ ಬದಲಾಗಿ ಒಪ್ಪುವ ಪರೀಕ್ಷೆ ಪಾಸಾಗದೆ 6ರಿಂದ ಮೇಲಿನ ವಾದನ ಪರೀಕ್ಷೆಗೆ ಬಿಡುವುದಿಲ್ಲ. ಅಂಥದೇ ಇನ್ನೊಂದು ಮಂಡಳಿಯಾದ ಟ್ರಿನಿಟಿಯಲ್ಲಿ ಆ ಕಟ್ಟಿಲ್ಲ, ಆದರೂ ಥಿಯರಿ ಬಿಡುವಂತಿಲ್ಲ. ಗ್ರೇಡ್ 8 ಮುಗಿದರೆ ಓದು ಮುಗಿಯಿತು ಎಂದು ನಮ್ಮಲ್ಲಿ ತಿಳಿಯುತ್ತಾರೆ. ಈ ಕಸುಬಿನಲ್ಲಿ ಓದು ಶುರುವಾಗುವುದೇ ಅಲ್ಲಿಂದ.

ಎರಡನೆಯದು, ವೃಂದದೊಳಗೆ ಕೂತು ನುಡಿಸುವ ಒಂದು ವಾದ್ಯ. ವಯಲಿನ್ ಸಿಕ್ಕರೆ ಸರಿ, ಆದರೆ ವಿಯೋಲಾ, ಡಬಲ್ ಬೇಸ್, ಹಾರ್ನ್ ನುಡಿಸುವವರು ಎಲ್ಲೆಡೆ ಕಡಿಮೆ, ಆದ್ದರಿಂದ ಒಳಗೆ ಜಾಗ ಬೇಗ ಸಿಗುತ್ತದೆ. ಮುಂಬೈಯಲ್ಲಿ ಹುಟ್ಟಿದ ಜುಬಿನ್ ಮೆಹ್ತಾ ವೈದ್ಯಕೀಯ ಓದು ಬಿಟ್ಟು 1954ರಲ್ಲಿ ವಿಯೆನ್ನಾಕ್ಕೆ ಹೋದಾಗ ಹಾನ್ಸ್ ಸ್ವರೋವ್‌ಸ್ಕಿ ಬಳಿ ಕಂಡಕ್ಟಿಂಗ್ ಕಲಿಯುವುದರ ಜೊತೆಗೆ ಡಬಲ್ ಬೇಸ್ ನುಡಿಸುತ್ತಿದ್ದರು. ದೊಡ್ಡ ಕಂಡಕ್ಟರುಗಳ ರಿಹರ್ಸಲ್ ನೋಡಲು ಹೊರಗಿನವರನ್ನು ಬಿಡುತ್ತಿರಲಿಲ್ಲ. ಅದಕ್ಕೆ ಮೆಹ್ತಾ ಮತ್ತು ಸಹಪಾಠಿ ಕ್ಲಾಡಿಯೊ ಅಬ್ಬಾಡೊ ಇಬ್ಬರೂ ಆ ರಿಹರ್ಸಲುಗಳಲ್ಲಿ ಹಾಡುವ ಕ್ವಾಯರಿನ (ಗಾಯಕವೃಂದದ) ತಗ್ಗು ದನಿಯ ಬೇಸ್ ಸಾಲಿಗೆ ಸೇರಿಬಿಟ್ಟರು. ಈ ಉಪಾಯ ಇಂದಿಗೂ ನಡೆಯುತ್ತದೆ. ಬೆಂಗಳೂರಿನಲ್ಲಿ ಕ್ವಾಯರುಗಳಿಗೆ ಬರವಿಲ್ಲ.

ಮೂರನೆಯದು, ಸ್ಕೋರ್ ಓದುವ ಕಣ್ಣು. ಹಾಳೆಯಲ್ಲಿ ಕಂಡದ್ದೇ ಕಿವಿಗೆ ಬರುವುದಿಲ್ಲ. ಎಫ್ ಹಾರ್ನ್‌ಗೆ ‘ಸಿ’ ಸ್ವರ ಎಂದು ಬರೆದಿದ್ದರೆ ಕೇಳುವುದು ಅದರ ಕೆಳಗಿನ ಎಫ್ ಸ್ವರ. ಬಿ-ಫ್ಲ್ಯಾಟ್ ಕ್ಲಾರಿನೆಟ್‌ಗೆ ಸಿ ಬರೆದರೆ ಬಿ-ಫ್ಲ್ಯಾಟ್, ಎ ಕ್ಲಾರಿನೆಟ್‌ಗೆ ಬರೆದರೆ ಎ. ಡಬಲ್ ಬೇಸ್ ಬರೆದದ್ದಕ್ಕಿಂತ ಒಂದು ಸ್ಥಾಯಿ ಕೆಳಗೆ, ಪಿಕ್ಕೊಲೊ ಎಂಬ ಪುಟ್ಟ ಕೊಳಲು ಒಂದು ಸ್ಥಾಯಿ ಮೇಲೆ. ಸಾಲದ್ದಕ್ಕೆ ವಿಯೋಲಾದ ಸಾಲನ್ನು ಬರೆಯುವುದು ಆಲ್ಟೊ ಕ್ಲೆಫ್ ಎಂಬ ಬೇರೆಯದೇ ಸ್ವರಸ್ಥಾನದ ಗುರುತಿನಲ್ಲಿ. ಶ್ರುತಿ ಬದಲಿಸಿ ಹಾಡುವವರಿಗೆ ಇದರ ತತ್ವ ಕಷ್ಟವಲ್ಲ, ವೇಗವೇ ಕಷ್ಟ. ಅದಕ್ಕೆ ಮದ್ದು: ಹೈಡನ್‌ನ ಸ್ಟ್ರಿಂಗ್ ಕ್ವಾರ್ಟೆಟ್ (ನಾಲ್ಕು ತಂತಿವಾದ್ಯಗಳ ರಚನೆ) ಒಂದನ್ನು ತೆಗೆದುಕೊಂಡು ದಿನಕ್ಕೆ ಎಂಟು ಬಾರ್ ಪಿಯಾನೊದಲ್ಲಿ ನುಡಿಸಬೇಕು. ಮೊದಲು ಎರಡು ಸಾಲು, ಆಮೇಲೆ ಮೂರು ಸಾಲು ಕೈಯಲ್ಲಿ, ನಾಲ್ಕನೆಯದು ಬಾಯಲ್ಲಿ. ವಿಯೋಲಾ ಸಾಲನ್ನು ತಪ್ಪದೆ ಹಾಡಬಲ್ಲವಳಾದರೆ ಹಾದಿ ಅರ್ಧ ಸವೆದಂತೆ.

ಜರ್ಮನ್ ಭಾಷೆಯನ್ನು ಪಿಯುಸಿಯಲ್ಲೇ ಶುರುಮಾಡಿಸಿ. ಇಟಾಲಿಯನ್ ಆಮೇಲೆ.

ಮೃದಂಗ ಹತ್ತು ವರ್ಷ ಕಲಿತಿದ್ದೇನೆ. ತಾಳ ಗಟ್ಟಿ ಇದ್ದರೆ ಕಂಡಕ್ಟಿಂಗ್ ಸುಲಭವೇ? (ತುಮಕೂರು)

ಎಣಿಕೆಯ ಮಟ್ಟಿಗೆ ಹೌದು. ಚೈಕೋವ್‌ಸ್ಕಿಯ 6ನೇ ಸಿಂಫನಿಯ ಎರಡನೆಯ ಭಾಗ ಐದು ಬೀಟಿನದು, 2+3. ಖಂಡ ಚಾಪು ಕೈಯಲ್ಲಿರುವವರು ಅಲ್ಲಿ ತಡವರಿಸುವುದಿಲ್ಲ. ಸ್ಟ್ರಾವಿನ್‌ಸ್ಕಿಯ ‘ರೈಟ್ ಆಫ್ ಸ್ಪ್ರಿಂಗ್’ (1913) ಕೊನೆಯ ನೃತ್ಯದಲ್ಲಿ ಎರಡು, ಮೂರು, ಐದರ ಬಾರುಗಳು ಹೇಳದೆ ಕೇಳದೆ ಬದಲಾಗುತ್ತವೆ. ಪಾಶ್ಚಾತ್ಯ ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಒದ್ದಾಡುವ ಜಾಗ ಅದು, ನಿಮಗೆ ಕೊನ್ನಕೋಲಿನ ಅಭ್ಯಾಸ ನೆರವಾಗುತ್ತದೆ.

ತೊಡಕಿರುವುದು ಬೇರೆ ಕಡೆ. ತಾಳ ಹಾಕುವ ಕೈ ಈಗ ನಡೆಯುತ್ತಿರುವ ಅಕ್ಷರವನ್ನು ತೋರಿಸುತ್ತದೆ. ಕಂಡಕ್ಟರ್ ಕೈ ಮುಂದೆ ಬರುವುದನ್ನು ತೋರಿಸಬೇಕು. ಕೃತಿಯೊಂದರಲ್ಲಿ ಹಿಡಿದ ಕಾಲಪ್ರಮಾಣ ಕೊನೆತನಕ ಅಲುಗದಿರುವುದು ನಿಮಗೆ ಗುಣ. ಬ್ರಾಮ್ಸ್‌ನಲ್ಲೋ ಮಾಲರ್‌ನಲ್ಲೋ ಎರಡು ಬಾರಿನೊಳಗೆ ಲಯ ಸಡಿಲಿಸಿ ಮತ್ತೆ ಬಿಗಿಮಾಡಬೇಕು. ಅಲ್ಲಿ ಕೈ ತಾಳ ಹಾಕುತ್ತಲೇ ಇದ್ದರೆ ವೃಂದ ಯಂತ್ರದಂತೆ ನುಡಿಸುತ್ತದೆ. ಇನ್ನೊಂದು, ತೊಡೆಗೆ ತಟ್ಟುವ ಅಭ್ಯಾಸದಿಂದ ಪ್ರತಿ ಬೀಟೂ ಕೆಳಕ್ಕೇ ಬೀಳುತ್ತದೆ. ನಾಲ್ಕರ ಬಾರಿನಲ್ಲಿ ಕೆಳಕ್ಕೆ ಇಳಿಯುವುದು ಮೊದಲನೆಯದು ಮಾತ್ರ, ಎರಡನೆಯದು ಎಡಕ್ಕೆ, ಮೂರನೆಯದು ಬಲಕ್ಕೆ, ನಾಲ್ಕನೆಯದು ಮೇಲಕ್ಕೆ. ಲೆಕ್ಕ ತಪ್ಪಿದ ವಾದ್ಯಗಾರರು ತಲೆಯೆತ್ತಿ ನೋಡಿದಾಗ ‘ಒಂದು’ ಎಲ್ಲಿದೆ ಎಂದು ಅದರಿಂದಲೇ ತಿಳಿಯಬೇಕು.

ಚರ್ಚಿನ ಕ್ವಾಯರಿಗೆ ಹತ್ತು ವಯಲಿನ್ ಸೇರಿಸಿ ನಡೆಸುತ್ತೇನೆ. ಮೊದಲ ಸ್ವರಕ್ಕೆ ಎಲ್ಲರೂ ಒಟ್ಟಿಗೆ ಬರುವುದೇ ಇಲ್ಲ. ಆಮೇಲೆ ಲಯ ಇಳಿಯುತ್ತಾ ಹೋಗುತ್ತದೆ. ಎಲ್ಲಿ ತಪ್ಪುತ್ತಿದೆ? (ಮಂಗಳೂರು)

ಎರಡಕ್ಕೂ ಕಾರಣ ಬೇರೆ ಬೇರೆ.

ಒಟ್ಟಿಗೆ ಬಾರದಿರಲು ಕಾರಣ ಮುನ್ಸೂಚನೆಯ ಬೀಟ್. ಮೊದಲ ಸ್ವರಕ್ಕೆ ಮುಂಚಿನ ಒಂದೇ ಒಂದು ಬೀಟಿನಲ್ಲಿ ಮೂರು ಸಂಗತಿ ತಿಳಿಯಬೇಕು: ಎಷ್ಟು ವೇಗ, ಎಷ್ಟು ಜೋರು, ಮೊನಚೋ ಮೃದುವೋ. ಆ ಬೀಟಿನ ಉದ್ದ ಮುಂದಿನ ಬೀಟುಗಳ ಉದ್ದದಷ್ಟೇ ಇರಬೇಕು. ಹೊಸಬರು ಅದನ್ನು ಗಾಬರಿಯಲ್ಲಿ ಚಿಕ್ಕದು ಮಾಡುತ್ತಾರೆ, ಆಮೇಲೆ ಕೆಳಕ್ಕೆ ಇಳಿಯುವಾಗ ನಿಧಾನಿಸುತ್ತಾರೆ. ನೋಡುವವರಿಗೆ ಎರಡು ವೇಗ ಕಾಣುತ್ತದೆ, ಅರ್ಧ ಜನ ಒಂದನ್ನು ನಂಬುತ್ತಾರೆ, ಇನ್ನರ್ಧ ಇನ್ನೊಂದನ್ನು. ಕೈ ಎತ್ತುವಾಗ ಹಾಡುಗಾರರ ಜೊತೆ ನೀವೂ ಉಸಿರೆಳೆದುಕೊಳ್ಳಿ. ಅಷ್ಟಕ್ಕೇ ಅರ್ಧ ಸರಿಹೋಗುತ್ತದೆ.

ಲಯ ಇಳಿಯುವುದು ನೀವು ಸದ್ದಿಗೆ ಕಾಯುವುದರಿಂದ. ವೃಂದ ಯಾವಾಗಲೂ ಬೀಟಿನ ಬಿಂದುವಿಗಿಂತ ತುಸು ತಡವಾಗಿ ನುಡಿಯುತ್ತದೆ. ಕೈ ಕೆಳಗಿಳಿದು ನಿಂತು ಸದ್ದು ಬಂದ ಮೇಲೆ ಮುಂದಕ್ಕೆ ಹೋದರೆ ಪ್ರತಿ ಬೀಟೂ ಕೂದಲೆಳೆಯಷ್ಟು ಉದ್ದವಾಗುತ್ತದೆ. ಅವರು ನಿಮಗೆ ಕಾಯುತ್ತಾರೆ, ನೀವು ಅವರಿಗೆ. ಬಿಂದು ಮುಟ್ಟಿದ ಕೂಡಲೇ ಕೈ ಪುಟಿದು ಮೇಲೇಳಲಿ. ಮೊಬೈಲಿನಲ್ಲಿ ಎದುರಿನಿಂದ ವಿಡಿಯೊ ತೆಗೆದು ಸದ್ದು ಮುಚ್ಚಿ ನೋಡಿದರೆ ಈ ತಡೆ ಕಣ್ಣಿಗೆ ಹೊಡೆಯುತ್ತದೆ.

ಪ್ರವೇಶದ ಕಷ್ಟಕ್ಕೆ ಅತಿ ಕಠಿಣ ಉದಾಹರಣೆ ಬೀಥೋವನ್‌ನ 5ನೇ ಸಿಂಫನಿಯ ಮೊದಲ ಐದು ಬಾರ್. ಎರಡು ಬೀಟಿನ ಬಾರ್, ಆದರೆ ವೇಗದಿಂದಾಗಿ ಬಾರಿಗೆ ಒಂದೇ ಹೊಡೆತ. ಅವನೇ ಕೊಟ್ಟ ಗುರುತು ನಿಮಿಷಕ್ಕೆ 108 ಬಾರ್, ಅಂದರೆ ಒಂದು ಬಾರ್ ಅರ್ಧ ಸೆಕೆಂಡಿಗಿಂತ ಚೂರು ಹೆಚ್ಚು. ಶುರುವಾಗುವುದು ಕಾಲುಭಾಗ ಬಾರಿನ ಮೌನದಿಂದ, ನಮ್ಮ ಅನಾಗತ ಎಡುಪಿನ ಹಾಗೆ, ಆಮೇಲೆ ಮೂರು ಪುಟ್ಟ ಸ್ವರ, ಎರಡನೆಯ ಬಾರಿನಲ್ಲಿ ಫರ್ಮಾಟಾ ಎಂಬ ತಂಗುದಾಣ. ಕೆಳಕ್ಕೆ ಬಿದ್ದ ಹೊಡೆತದಲ್ಲಿ ಸದ್ದೇ ಇಲ್ಲ! ಮುನ್ಸೂಚನೆಯೂ ಹೊಡೆತವೂ ಒಂದೇ ಗಾತ್ರದಲ್ಲಿದ್ದರೆ ಯಾವುದು ಯಾವುದೆಂದು ತಿಳಿಯದೆ ಯಾರೋ ಒಬ್ಬರು ಮುಂಚೆ ಬಂದುಬಿಡುತ್ತಾರೆ. ಮುನ್ಸೂಚನೆಯ ಚಲನೆ (ಅದರ ಕಾಲವಲ್ಲ) ಚಿಕ್ಕದಾಗಿ, ಭಾವವಿಲ್ಲದೆ ಇರಲಿ, ಹೊಡೆತ ಒಂದೇ ಸಲ ಖಚಿತವಾಗಿ ಬೀಳಲಿ. ಆ ಮೂರು ಸ್ವರಗಳನ್ನು ಕೈಯಲ್ಲಿ ಬಿಡಿಸಿ ತೋರಿಸಲು ಹೋದರೆ ಎಲ್ಲ ಕೆಟ್ಟಿತು. ಎರಡನೆಯ ತಂಗುದಾಣ ನಾಲ್ಕನೆಯ ಬಾರಿನಲ್ಲಿಲ್ಲ, ಐದನೆಯದರಲ್ಲಿದೆ. ನಾಲ್ಕನೆಯದಕ್ಕೂ ಹೊಡೆತ ಕೊಟ್ಟು ಐದರಲ್ಲಿ ನಿಲ್ಲಬೇಕು. ನಿಂತ ಮೇಲೆ ನೋಡಬೇಕಾದದ್ದು ವಯಲಿನ್‌ಗಳ ಎರಡು ಗುಂಪಿನಲ್ಲಿ ಎರಡನೆಯ ವಯಲಿನ್‌ಗಳತ್ತ, ಏಕೆಂದರೆ ಆರನೆಯ ಬಾರಿನಲ್ಲಿ ಮೆಲ್ಲಗೆ ಶುರುಮಾಡುವವರು ಅವರು. ಆಮೇಲೆ ವಿಯೋಲಾ, ಅದರ ನಂತರ ಮೊದಲ ವಯಲಿನ್. ಅಭ್ಯಾಸಬಲದಿಂದ ಮೊದಲ ವಯಲಿನ್‌ಗಳತ್ತ ತಿರುಗಿದವರು ಪರೀಕ್ಷೆಯಲ್ಲಿ ಅಲ್ಲೇ ಸಿಕ್ಕಿಬೀಳುತ್ತಾರೆ.

ಒಂದು ಕಛೇರಿಗೆ ಕಂಡಕ್ಟರ್ ಸಿದ್ಧವಾಗುವ ಬಗೆ ಹೇಗೆ? ಅಷ್ಟು ದಪ್ಪ ಪುಸ್ತಕ ತಲೆಯಲ್ಲಿ ಹೇಗೆ ಉಳಿಯುತ್ತದೆ? (ಧಾರವಾಡ)

ಕೆಲಸದ ಬಹುಪಾಲು ನಡೆಯುವುದು ಮೇಜಿನ ಮುಂದೆ. ಮೊದಲು ಪ್ರಕಾಶನ ನೋಡಬೇಕು. ಕಂಡಕ್ಟರ್ ಸ್ಕೋರ್ ಒಬ್ಬರದು, ವಾದ್ಯಗಾರರ ಹಾಳೆ ಇನ್ನೊಬ್ಬರದು ಆದರೆ ಒಂದರಲ್ಲಿ ಅಕ್ಷರ ಗುರುತು, ಇನ್ನೊಂದರಲ್ಲಿ ಬಾರ್ ಸಂಖ್ಯೆ ಇರಬಹುದು. ರಿಹರ್ಸಲಿನಲ್ಲಿ ‘ಎಲ್ಲಿಂದ?’ ಎನ್ನುವುದರಲ್ಲೇ ಹೊತ್ತು ಹೋಗುತ್ತದೆ. ಹಳೆಯ ಮರುಮುದ್ರಣಗಳಲ್ಲಿ ಎಷ್ಟೋ ಸಲ ಬಾರ್ ಸಂಖ್ಯೆಯೇ ಇರುವುದಿಲ್ಲ, ಕೈಯಾರೆ ಬರೆಯಬೇಕು. ಬೀಥೋವನ್, ಡ್ವೊರ್ಝಾಕ್ ಹಾಳೆಗಳು ಅಂತರ್ಜಾಲದಲ್ಲಿ ಉಚಿತ. ಭಾರತದಲ್ಲಿ ಹಕ್ಕುಸ್ವಾಮ್ಯ ರಚನಕಾರರು ತೀರಿಕೊಂಡ ಮೇಲೆ 60 ವರ್ಷ, ಯುರೋಪಿನಲ್ಲಿ 70. 1971ರಲ್ಲಿ ತೀರಿಕೊಂಡ ಸ್ಟ್ರಾವಿನ್‌ಸ್ಕಿಯ ಕೃತಿ ನುಡಿಸಲು ಇಲ್ಲಿ 2031ರ ಕೊನೆಯವರೆಗೂ ಅನುಮತಿ ಬೇಕು.

ನಂತರ ವಾಕ್ಯ ಬಿಡಿಸುವುದು: ನಾಲ್ಕು ಬಾರ್, ನಾಲ್ಕು ಬಾರ್, ಆಮೇಲೆ ಆರು ಎಂದು ಪೆನ್ಸಿಲಿನಲ್ಲಿ ಗೆರೆ. ನೆನಪು ನಿಲ್ಲುವುದು ಈ ಗೆರೆಗಳ ಮೇಲೆ, ಸ್ವರಗಳ ಮೇಲಲ್ಲ. ಆಮೇಲೆ ಪ್ರತಿ ಸಾಲನ್ನೂ ಹಾಡಿ ನೋಡುವುದು, ಉದ್ದ ಮೌನದ ನಂತರ ಯಾರು ಬರುತ್ತಾರೆಂದು ಗುರುತು ಹಾಕುವುದು. ಡ್ವೊರ್ಝಾಕ್‌ನ 9ನೇ ಸಿಂಫನಿಯಲ್ಲಿ ಸಿಂಬಲ್ ಇಡೀ ಕೃತಿಯಲ್ಲಿ ಒಂದೇ ಸಲ ಸದ್ದು ಮಾಡುತ್ತದೆ, ಅದೂ ಕೊನೆಯ ಭಾಗದಲ್ಲಿ. ಅಷ್ಟು ಹೊತ್ತು ಕಾದವರಿಗೆ ನಿಮ್ಮ ಒಂದು ನೋಟ ಬೇಡವೇ? ರೆಕಾರ್ಡಿಂಗ್ ಕೇಳುವುದು ಕೊನೆಗೆ, ಅದೂ ಒಂದಲ್ಲ ಮೂರು. ಒಂದನ್ನೇ ಕೇಳಿ ಕಲಿತವರು ಬೇರೆಯವರ ಕೈಯನ್ನು ನಕಲು ಮಾಡುತ್ತಿರುತ್ತಾರೆ.

ಕಮಾನಿನ ಏರಿಳಿತದ ಗುರುತುಗಳನ್ನು ಕನ್ಸರ್ಟ್‌ಮಾಸ್ಟರ್ (ಮೊದಲ ವಯಲಿನ್‌ಗಳ ಮುಖ್ಯಸ್ಥರು) ಜೊತೆ ಕೂತು ಮೊದಲೇ ತೀರ್ಮಾನಿಸಬೇಕು. 16 ಮೊದಲ ವಯಲಿನ್, 14 ಎರಡನೆಯದು, 12 ವಿಯೋಲಾ, 10 ಚೆಲ್ಲೊ, 8 ಡಬಲ್ ಬೇಸ್ ಇರುವ ವೃಂದದಲ್ಲಿ ಇಬ್ಬರಿಗೊಂದು ಹಾಳೆಯಂತೆ 30 ಪ್ರತಿಗಳ ಮೇಲೆ ಅದನ್ನು ನಕಲು ಮಾಡಬೇಕು. ರಿಹರ್ಸಲಿನ ದಿನ ಗುರುತು ಬದಲಿಸಿದರೆ ಮೂವತ್ತು ಪೆನ್ಸಿಲು ಒಟ್ಟಿಗೆ ಓಡುತ್ತವೆ, ಉಳಿದವರು ಮೊಬೈಲ್ ತೆಗೆಯುತ್ತಾರೆ.

ರಿಹರ್ಸಲ್ ಎರಡೂವರೆಯಿಂದ ಮೂರು ತಾಸಿನದು, ನಡುವೆ ಬಿಡುವು. ಬೀಥೋವನ್ 5ರಲ್ಲಿ ಟ್ರಾಂಬೋನ್, ಪಿಕ್ಕೊಲೊ, ಕಾಂಟ್ರಬಸೂನ್ ಕೊನೆಯ ಭಾಗಕ್ಕೆ ಮಾತ್ರ. ಕೊನೆಯ ಭಾಗವನ್ನು ಮೊದಲು ತೆಗೆದುಕೊಂಡು ಅವರನ್ನು ಮನೆಗೆ ಕಳಿಸುವುದು ಮರ್ಯಾದೆ. ನಿಲ್ಲಿಸಿದರೆ ಕಾರಣ ಹೇಳಿ. ‘ಇನ್ನೊಮ್ಮೆ’ ಎಂದಷ್ಟೇ ಹೇಳಿದರೆ ಅದೇ ತಪ್ಪು ಇನ್ನೊಮ್ಮೆ ಬರುತ್ತದೆ. ಹೇಳುವ ಕ್ರಮ: ಯಾರು, ಎಲ್ಲಿ, ಏನು. ‘ಹಾರ್ನ್‌ಗಳು, ಸಿ ಅಕ್ಷರದಿಂದ ಹಿಂದಕ್ಕೆ ಐದು ಬಾರ್, ಮೂರನೆಯ ಸ್ವರ ಮೊಟಕು.’ ಅಕ್ಷರ ಮೊದಲು, ಸಂಖ್ಯೆ ಆಮೇಲೆ, ಇಲ್ಲವಾದರೆ ಎಣಿಸಲು ಆಗುವುದಿಲ್ಲ. ಉದ್ದ ವಿವರಣೆಗಿಂತ ಒಮ್ಮೆ ಹಾಡಿ ತೋರಿಸುವುದು ಮೇಲು.

ನಮ್ಮ ಮೈಸೂರು ಮಹಾರಾಜರು ಲಂಡನ್ನಿನ ಆರ್ಕೆಸ್ಟ್ರಾಕ್ಕೆ ಹಣ ಕೊಟ್ಟಿದ್ದರಂತೆ, ನಿಜವೇ? (ಮೈಸೂರು)

ನಿಜ. ಜಯಚಾಮರಾಜ ಒಡೆಯರ್ 1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ಸ್ವತಃ ಪಿಯಾನೊ ಬಲ್ಲವರು, ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಅರ್ಹತೆ ಪಡೆದವರು. ರಷ್ಯದ ನಿಕೊಲಾಯ್ ಮೆಟ್ನರ್ ತಮ್ಮ ರಚನೆಗಳನ್ನು ತಾವೇ ನುಡಿಸಿ ಧ್ವನಿಮುದ್ರಿಸಲು ನೆರವಾದದ್ದು ಇವರೇ. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಇವರಿಗೆ ಅರ್ಪಿಸಿದರು. ಯುದ್ಧಾನಂತರ ಕಂಡಕ್ಟರ್ ಕಾರಾಯನ್ ಫಿಲ್ಹಾರ್ಮೋನಿಯಾ ವೃಂದದ ಜೊತೆ ಬಾಲಕಿರೆವ್‌ನ ಮೊದಲ ಸಿಂಫನಿಯಂಥ ಅಪರೂಪದ ಕೃತಿ ಧ್ವನಿಮುದ್ರಿಸಿದ್ದರ ಹಿಂದೆಯೂ ಮಹಾರಾಜರ ಅಭಿರುಚಿ ಇತ್ತು. ರಿಚರ್ಡ್ ಸ್ಟ್ರಾಸ್‌ನ ‘ಕೊನೆಯ ನಾಲ್ಕು ಹಾಡು’ 1950ರ ಮೇ 22ರಂದು ಲಂಡನ್ನಿನಲ್ಲಿ ಫುರ್ಟ್‌ವೆಂಗ್ಲರ್ ನಿರ್ವಹಣೆಯಲ್ಲಿ ಮೊದಲ ಸಲ ಕೇಳಿಬಂದಾಗಲೂ ಹಣದ ಬೆಂಬಲ ಮೈಸೂರಿನದು. ಕಂಡಕ್ಟರುಗಳ ಬದುಕು ಹೀಗೆ ಪೋಷಕರ ಮೇಲೆ ನಿಂತಿರುವುದು ಇಂದಿಗೂ ಬದಲಾಗಿಲ್ಲ, ಮಹಾರಾಜರ ಜಾಗಕ್ಕೆ ಸರ್ಕಾರವೋ ಬ್ಯಾಂಕೋ ಬಂದಿದೆ ಅಷ್ಟೆ.

ಹೊರದೇಶದಲ್ಲಿ ಓದಲು ಎಷ್ಟು ಖರ್ಚು? ಪ್ರವೇಶ ಪರೀಕ್ಷೆಯಲ್ಲಿ ಏನು ಕೇಳುತ್ತಾರೆ? (ಹುಬ್ಬಳ್ಳಿ)

ಶುಲ್ಕಕ್ಕಿಂತ ಊಟ-ವಸತಿಯದೇ ಭಾರ. ವಿಯೆನ್ನಾದ ಸಂಗೀತ ವಿಶ್ವವಿದ್ಯಾಲಯದಲ್ಲಿ ಯುರೋಪಿನ ಹೊರಗಿನವರಿಗೆ ಸೆಮಿಸ್ಟರಿಗೆ ಸುಮಾರು 727 ಯೂರೋ. ಜರ್ಮನಿಯ ಹಲವು ರಾಜ್ಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಆದರೆ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದ ಶಾಲೆಗಳಲ್ಲಿ, ಅಂದರೆ ಸ್ಟುಟ್‌ಗಾರ್ಟ್, ಫ್ರೈಬುರ್ಗ್ ಮುಂತಾದೆಡೆ, ಸೆಮಿಸ್ಟರಿಗೆ 1,500 ಯೂರೋ. ಜರ್ಮನಿಯ ವೀಸಾಕ್ಕೆ ಒಂದು ವರ್ಷದ ಖರ್ಚನ್ನು ಮೊದಲೇ ಖಾತೆಯಲ್ಲಿ ತೋರಿಸಬೇಕು, ಈಚಿನ ಲೆಕ್ಕದಲ್ಲಿ 11,904 ಯೂರೋ. ಅಮೆರಿಕದ ಕರ್ಟಿಸ್ ಸಂಗೀತ ಶಾಲೆಯಲ್ಲಿ ಬೋಧನಾ ಶುಲ್ಕವಿಲ್ಲ, ಸೀಟು ಬೆರಳೆಣಿಕೆಯಷ್ಟು.

ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಪಿಯಾನೊ ವಾದನ, ಕೇಳಿ ಬರೆಯುವುದು, ನೋಡಿದ ಕೂಡಲೇ ಸ್ಕೋರನ್ನು ಪಿಯಾನೊದಲ್ಲಿ ನುಡಿಸುವುದು, ಆಮೇಲೆ ಎರಡು ಪಿಯಾನೊಗಳನ್ನೋ ಪುಟ್ಟ ವೃಂದವನ್ನೋ ನಡೆಸುವುದು. ನಮ್ಮವರು ಬೀಳುವುದು ಕೊನೆಯದರಲ್ಲಿ ಅಲ್ಲ, ಮೊದಲ ಮೂರರಲ್ಲಿ. ಅರ್ಜಿಯ ಜೊತೆ ವಿಡಿಯೊ ಕೇಳಿದರೆ ಕ್ಯಾಮೆರಾ ವಾದ್ಯಗಾರರ ಕಡೆಯಿಂದ ನಿಮ್ಮ ಮುಖ ನೋಡುತ್ತಿರಬೇಕು. ಬೆನ್ನಿನ ವಿಡಿಯೊ ಕಸದ ಬುಟ್ಟಿಗೆ. ಶಾಲೆ ಆರಿಸುವಾಗ ಕೇಳಬೇಕಾದ ಪ್ರಶ್ನೆ ಒಂದೇ: ವಾರಕ್ಕೆ ಎಷ್ಟು ನಿಮಿಷ ನಿಜವಾದ ವಾದ್ಯಗಾರರ ಮುಂದೆ ನಿಲ್ಲಿಸುತ್ತೀರಿ? ಫಿನ್ಲೆಂಡಿನ ಹೆಲ್ಸಿಂಕಿಯ ಸಿಬೇಲಿಯಸ್ ಅಕಾಡೆಮಿಯಲ್ಲಿ ಯೋರ್ಮಾ ಪಾನುಲಾ ವಿದ್ಯಾರ್ಥಿಗಳನ್ನು ವೃಂದದ ಮುಂದೆಯೇ ನಿಲ್ಲಿಸಿ, ವಿಡಿಯೊ ತೆಗೆದು ತೋರಿಸಿ ಕಲಿಸಿದರು. ಸಣ್ಣ ದೇಶದಿಂದ ಅಷ್ಟೊಂದು ಕಂಡಕ್ಟರುಗಳು ಬಂದದ್ದು ಆ ಕ್ರಮದಿಂದ. ಮಾಸ್ಟರ್‌ಕ್ಲಾಸುಗಳಿಗೆ ದುಡ್ಡು ಕಟ್ಟುವ ಮುಂಚೆಯೂ ಇದನ್ನೇ ಕೇಳಿ. ಮರದ ಮೇಜಿನ ಮುಂದೆ ಕೈ ಬೀಸಿಸಿ ಸಾವಿರ ಯೂರೋ ತೆಗೆದುಕೊಳ್ಳುವ ಶಿಬಿರಗಳಿವೆ.

ಓದು ಮುಗಿದ ಮೇಲೆ ಕೆಲಸ ಸಿಗುತ್ತದೆಯೇ? ಭಾರತದಲ್ಲಿ ಅವಕಾಶ ಇದೆಯೇ? (ಬೆಳಗಾವಿ)

ಜರ್ಮನಿಯಲ್ಲಿ ಸರ್ಕಾರದ ಹಣದಿಂದ ನಡೆಯುವ ವಾದ್ಯವೃಂದಗಳು 120ಕ್ಕೂ ಹೆಚ್ಚು. ಅಲ್ಲಿನ ಏಣಿ ಒಪೆರಾ ಮನೆಯಿಂದ ಶುರು. ಮೊದಲು ಪಿಯಾನೊ ಮುಂದೆ ಕೂತು ಗಾಯಕರಿಗೆ ಪಾತ್ರ ಕಲಿಸುವ ಕೊರೆಪೆಟಿಟರ್, ಆಮೇಲೆ ಕಾಪೆಲ್‌ಮೈಸ್ಟರ್ ಎಂಬ ಕಂಡಕ್ಟರ್ ಹುದ್ದೆ, ಕೊನೆಗೆ ಊರಿನ ಇಡೀ ಸಂಗೀತದ ಹೊಣೆ. ಸಂಬಳ ತಿಂಗಳು ತಿಂಗಳು ಬರುತ್ತದೆ. ಪಿಯಾನೊ ಗಟ್ಟಿ ಇರಬೇಕು ಎಂದು ಅಷ್ಟು ಒತ್ತಿ ಹೇಳಿದ್ದು ಇದಕ್ಕೇ.

ಇಂಗ್ಲೆಂಡ್, ಅಮೆರಿಕದಲ್ಲಿ ಸಹಾಯಕ ಕಂಡಕ್ಟರ್ ಹುದ್ದೆ ಮೊದಲ ಮೆಟ್ಟಿಲು. ಸಭಾಂಗಣದಲ್ಲಿ ಸ್ಕೋರ್ ಹಿಡಿದು ಕೂತು ಯಾವ ವಾದ್ಯ ಮುಚ್ಚಿಹೋಗುತ್ತಿದೆ ಎಂದು ವರದಿ ಒಪ್ಪಿಸುವುದು, ಶಾಲಾ ಮಕ್ಕಳ ಕಛೇರಿ ನಡೆಸುವುದು, ಮುಖ್ಯ ಕಂಡಕ್ಟರ್ ಕಾಯಿಲೆ ಬಿದ್ದರೆ ನಿಲ್ಲಲು ಸಿದ್ಧವಾಗಿರುವುದು. 1943ರ ನವೆಂಬರ್ 14ರಂದು ಬ್ರೂನೊ ವಾಲ್ಟರ್‌ಗೆ ಜ್ವರ ಬಂದಾಗ 25ರ ಲಿಯೊನಾರ್ಡ್ ಬರ್ನ್‌ಸ್ಟೈನ್ ರಿಹರ್ಸಲಿಲ್ಲದೆ ಕಾರ್ನೆಗಿ ಹಾಲಿನಲ್ಲಿ ನಿಂತದ್ದು ಹೀಗೆ. ಸ್ಪರ್ಧೆಗಳು ಇನ್ನೊಂದು ಬಾಗಿಲು. ಮೆಹ್ತಾ 1958ರಲ್ಲಿ ಲಿವರ್‌ಪೂಲ್ ಸ್ಪರ್ಧೆ ಗೆದ್ದರು, 1961ರಲ್ಲಿ ಮಾಂಟ್ರಿಯಲ್, 1962ರಲ್ಲಿ ಲಾಸ್ ಏಂಜಲೀಸ್ ವೃಂದ ಅವರ ಕೈಗೆ ಬಂತು. ಸೇಜಿ ಒಜಾವಾ 1959ರಲ್ಲಿ ಫ್ರಾನ್ಸಿನ ಬೆಸಾನ್ಸೋನ್, ಗುಸ್ಟಾವೊ ಡುಡಾಮೆಲ್ 2004ರಲ್ಲಿ ಜರ್ಮನಿಯ ಬಾಂಬರ್ಗ್ ಸ್ಪರ್ಧೆ ಗೆದ್ದರು. ಬಹುತೇಕ ಸ್ಪರ್ಧೆಗಳಿಗೆ ವಯಸ್ಸಿನ ಮಿತಿ 35ರ ಆಸುಪಾಸು. ಅತಿಥಿ ಕಂಡಕ್ಟರ್ ಸಂಭಾವನೆ ಕಛೇರಿಗೆ ಇಷ್ಟೆಂದು ಇರುತ್ತದೆ, ರಿಹರ್ಸಲ್ ವಾರಕ್ಕೆ ಬೇರೆ ಹಣವಿಲ್ಲ, ಅದರಲ್ಲಿ ಏಜೆಂಟರಿಗೆ 10ರಿಂದ 20 ಶೇಕಡ. ಹೆಣ್ಣುಮಕ್ಕಳಿಗೆ ಬಾಗಿಲು ತಡವಾಗಿ ತೆರೆಯಿತು. ಅಮೆರಿಕದ ದೊಡ್ಡ ವೃಂದವೊಂದಕ್ಕೆ ಮೊದಲ ಮಹಿಳಾ ಮುಖ್ಯಸ್ಥೆಯಾಗಿ ಮರಿನ್ ಆಲ್ಸಪ್ ಬಾಲ್ಟಿಮೋರಿಗೆ ಬಂದದ್ದು 2007ರಲ್ಲಿ.

ಭಾರತದಲ್ಲಿ ವೃತ್ತಿಪರ ಸಿಂಫನಿ ವೃಂದ ಎಂದರೆ ಮುಂಬೈಯ ಕಲಾಕೇಂದ್ರ ಎನ್‌ಸಿಪಿಎಯಲ್ಲಿ 2006ರಲ್ಲಿ ಶುರುವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ. ಅದನ್ನೊಂದನ್ನೇ ನಂಬಿ ಓದಬೇಡಿ. ಸಂಬಳದ ಕೆಲಸ ಬೇಕೆಂದರೆ ಸೇನೆಯ ಬ್ಯಾಂಡ್‌ಮಾಸ್ಟರ್ ದಾರಿ ಇದೆ, ತರಬೇತಿ ಮಧ್ಯಪ್ರದೇಶದ ಪಚ್‌ಮರಿಯಲ್ಲಿ. ದಸರೆಯಲ್ಲಿ ನುಡಿಸುವ ನಮ್ಮ ಪೊಲೀಸ್ ಬ್ಯಾಂಡಿನ ಬೇರು ಅರಮನೆ ಬ್ಯಾಂಡಿನಲ್ಲಿದೆ, ಅದರಲ್ಲಿ ಇಂಗ್ಲಿಷ್ ಬ್ಯಾಂಡ್, ಕರ್ನಾಟಕ ಬ್ಯಾಂಡ್ ಎರಡೂ ಉಂಟು. ಸಿನಿಮಾ ಧ್ವನಿಮುದ್ರಣದಲ್ಲಿ ಕಿವಿಗೆ ಕ್ಲಿಕ್ ಸದ್ದು ಹಾಕಿಕೊಂಡು ತಂತಿವಾದ್ಯಗಳನ್ನು ನಡೆಸುವ ಕೆಲಸವೂ ಸಿಗುತ್ತದೆ. ಅಲ್ಲಿ ಲಯ ಯಂತ್ರದ ಕೈಯಲ್ಲಿರುತ್ತದೆ, ಆದ್ದರಿಂದ ಅದನ್ನೇ ಮಾಡುತ್ತಿದ್ದರೆ ಕೈ ಜಡವಾಗುತ್ತದೆ.

ಬೇಟನ್ ಎಂಥದ್ದು ಕೊಳ್ಳಬೇಕು? (ಉಡುಪಿ)

30ರಿಂದ 40 ಸೆಂಟಿಮೀಟರ್, ಬಿಳಿ ಬಣ್ಣ, ಕಾರ್ಕಿನ ಅಥವಾ ಮರದ ಹಿಡಿ. ಬೆರಳ ಮೇಲೆ ಅಡ್ಡಲಾಗಿಟ್ಟರೆ ಹಿಡಿಯೂ ಕಡ್ಡಿಯೂ ಕೂಡುವ ಜಾಗದ ಬಳಿ ಸಮತೂಗಬೇಕು. ತುದಿ ಭಾರವಾದರೆ ಮುಂಗೈ ಬೇಗ ಸೋಲುತ್ತದೆ. ಹಿಡಿ ಅಂಗೈಯೊಳಗೆ ಸಡಿಲವಾಗಿ ಕೂರುವಷ್ಟಿರಲಿ. ಮರದ ಕಡ್ಡಿ ಸ್ಟ್ಯಾಂಡಿಗೆ ತಗುಲಿ ಮುರಿಯುತ್ತದೆ, ಆದ್ದರಿಂದ ಎರಡು ಇಟ್ಟುಕೊಳ್ಳಿ. ಫೈಬರ್‌ಗ್ಲಾಸ್ ಸುಲಭಕ್ಕೆ ಮುರಿಯುವುದಿಲ್ಲ, ಆದರೆ ಚುಚ್ಚುತ್ತದೆ. ಸ್ಟ್ಯಾಂಡ್ ಸೊಂಟದ ಮಟ್ಟಕ್ಕಿರಲಿ, ಮೇಲಿದ್ದರೆ ದಿನವಿಡೀ ಭುಜ ಎತ್ತಿ ನೋವು ಬರುತ್ತದೆ. ಪಿಯೆರ್ ಬೂಲೆಜ್ ಬೇಟನ್ ಇಲ್ಲದೆ ಬರಿಗೈಯಲ್ಲೇ ನಡೆಸಿದರು, ಹಾಗಾಗಿ ಕಡ್ಡಿ ಕಡ್ಡಾಯವೇನಲ್ಲ. 1687ರಲ್ಲಿ ಪ್ಯಾರಿಸ್‌ನ ಸಂಗೀತಕಾರ ಲುಲ್ಲಿ ನೆಲಕ್ಕೆ ಕುಟ್ಟಿ ಲಯ ತೋರಿಸುವ ಉದ್ದ ಕೋಲನ್ನು ತನ್ನ ಕಾಲಿಗೇ ಹೊಡೆದುಕೊಂಡು, ಗಾಯ ಕೊಳೆತು ಸತ್ತ. ಈಗಿನ ಕಡ್ಡಿಯಿಂದ ಅಂಥ ಭಯವಿಲ್ಲ, ಎರಡನೆಯ ವಯಲಿನ್‌ನವರ ಕಣ್ಣು ಮಾತ್ರ ನೋಡಿಕೊಳ್ಳಿ.